ಫೋಟೋದ ಕೆಳಗಿನ ಹೆಸರು

ಸಂಜೆಯ ಹೊತ್ತು ಪಣಂಬೂರಿನ ಕಡಲ ಕರೆಗೆ ಹೋಗಿ ಅರ್ಧ ಗಂಟೆ ಕುಳಿತು ಬರುವ ಅಭ್ಯಾಸ ನನಗುಂಟು. ಜೊತೆಗೆ ನೆರೆಮನೆಯ ಹಿರಿಯರೊಬ್ಬರು. ಬಂದರಿನ ಕೆಲಸದಲ್ಲಿದ್ದು ನಿವೃತ್ತರಾದವರು. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಬಿಡದೆ ಓದುವವರು. ಬೇಕೆಂದು ಸುಳ್ಳು ಹೇಳುವ ಜಾಯಮಾನದವರಂತೂ ಅಲ್ಲ. ಕಳೆದ ತಿಂಗಳು ಒಂದು ದಿನ ಅವರು ತಮ್ಮ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದರು.

"ಮಾಷ್ಟ್ರೆ, ಇದೊಮ್ಮೆ ನೋಡಿ. ಇದು ಯಾರೂಂತ ಗೊತ್ತುಂಟಾ?"

ನೋಡಿದೆ. ಹಳೆಯ ಕಾಲದ ಫೋಟೋ. ಕಪ್ಪು ಮೈಬಣ್ಣದ ವಯಸ್ಸಾದ ವ್ಯಕ್ತಿ, ಮುಖದಲ್ಲಿ ಗಡ್ಡ, ತಲೆಗೆ ರುಮಾಲು, ಅರಬ್ಬೀ ನಿಲುವಂಗಿ. ಕ್ಯಾಮೆರಾದ ಮುಂದೆ ಕೂತು ಅಭ್ಯಾಸವಿರುವವನ ಗತ್ತು.

"ಟಿಪ್ಪು ಸುಲ್ತಾನನ ನಿಜವಾದ ಫೋಟೋ ಅಂತೆ. ಲಂಡನ್ನಿನಲ್ಲಿ ಸಿಕ್ಕಿದ್ದು. ನಾವು ಶಾಲೆಯ ಪುಸ್ತಕದಲ್ಲಿ ನೋಡಿದ್ದೆಲ್ಲ ಬರೇ ಬಣ್ಣ ಹಚ್ಚಿದ್ದು," ಎಂದರು ಅವರು.

ಈ ಚಿತ್ರ ಹೊಸದಲ್ಲ. ಕೆಲವು ವರ್ಷಗಳಿಂದ ಅದು ಕೈಯಿಂದ ಕೈಗೆ ದಾಟುತ್ತ ಬಂದಿದೆ. ಟಿಪ್ಪುವಿನ ಹೆಸರು ಚರ್ಚೆಗೆ ಬಂದಾಗಲೆಲ್ಲ ಮತ್ತೆ ಎದ್ದು ಬರುತ್ತದೆ. ಅದು ಟಿಪ್ಪುವಿನದಲ್ಲವೆಂದು ಬಲ್ಲವರು ಹಲವು ಸಲ ಬರೆದೂ ಇದ್ದಾರೆ. ಆದರೂ ಅದು ಸಾಯುವುದಿಲ್ಲ. ಕನ್ನಡ ಪಾಠ ಹೇಳುವ ನನಗೆ ಈ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರ ಏನಿದೆ ಎಂದು ಕೇಳಬಹುದು. ಇತಿಹಾಸದ ಅಧಿಕಾರ ನನಗಿಲ್ಲ, ಒಪ್ಪಿದೆ. ಆದರೆ ಒಂದು ಬರಹದ ಕೊನೆಗೆ ಇರುವ ಹೆಸರು ಅದರ ಕರ್ತೃವಿನದು ಹೌದೋ ಅಲ್ಲವೋ ಎಂದು ವಿಚಾರಿಸುವುದು ನಮ್ಮ ಕಸುಬು. ಫೋಟೋದ ಕೆಳಗಿನ ಹೆಸರೂ ಒಂದು ಬರಹವೇ. ಅದನ್ನು ಬರೆದವರು ಇದ್ದಾರೆ, ಬರೆಯುವುದಕ್ಕೆ ಕಾರಣವಿದೆ, ಓದಿ ನಂಬುವವರಿಗೂ ಕಾರಣವಿದೆ.

ಮೊದಲು ಲೆಕ್ಕವನ್ನು ಮುಗಿಸಿಬಿಡೋಣ; ಅದು ಸುಲಭದ್ದು. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಫ್ರಾನ್ಸಿನ ನಿಯೆಪ್ಸ್ ಎಂಬವನು ತನ್ನ ಮನೆಯ ಕಿಟಕಿಯಿಂದ ಕಾಣುವ ಮಾಡುಗಳನ್ನು ಲೋಹದ ತಗಡಿನ ಮೇಲೆ ಮೂಡಿಸಿದ್ದು 1826 ಅಥವಾ 1827ರಲ್ಲಿ. ಕ್ಯಾಮೆರಾದಿಂದ ತೆಗೆದುದರಲ್ಲಿ ಇಂದಿಗೆ ಉಳಿದಿರುವ ಅತ್ಯಂತ ಹಳೆಯ ಚಿತ್ರ ಅದು. ದಾಗೇರನ ವಿಧಾನವನ್ನು ಪ್ಯಾರಿಸಿನಲ್ಲಿ ಲೋಕಕ್ಕೆ ಸಾರಿದ್ದು 1839ರಲ್ಲಿ. ಟಿಪ್ಪು ಸತ್ತು ಆಗ ನಲವತ್ತು ವರ್ಷ. ಅವನ ಮಕ್ಕಳಲ್ಲಿ ಗುಲಾಮ್ ಮುಹಮ್ಮದ್ ಎಂಬವನು ಕಲ್ಕತ್ತೆಯಲ್ಲಿ 1872ರ ತನಕ ಬದುಕಿದ್ದ. ಕ್ಯಾಮೆರಾ ಮಗನ ಕಾಲಕ್ಕೆ ಬಂದದ್ದು, ಅಪ್ಪನ ಕಾಲಕ್ಕಲ್ಲ.

ಇದನ್ನು ಹೇಳಿದಾಗ ನೆರೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇವ ಯಾರು?" ಎಂದು ಕೇಳಿದರು. ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಟಿಪ್ಪು ಅಲ್ಲವೆಂದು ತಿಳಿದ ಕೂಡಲೇ ನಾವು ಆ ಮನುಷ್ಯನನ್ನು ಮರೆತುಬಿಡುತ್ತೇವೆ. ಆದರೆ ಅವನಿಗೂ ಒಂದು ಹೆಸರಿತ್ತು.

ಅವನು ಹಮದ್ ಬಿನ್ ಮುಹಮ್ಮದ್ ಅಲ್ ಮುರ್ಜೆಬಿ. ಆಫ್ರಿಕದ ಪೂರ್ವ ಕರಾವಳಿಯ ಜಂಜಿಬಾರ್ ದ್ವೀಪದವನು. ದಂತದ ವ್ಯಾಪಾರ, ಅದರ ಜೊತೆಗೆ ಗುಲಾಮರ ವ್ಯಾಪಾರ. ನೂರಾರು ಜನರ ತಂಡ ಕಟ್ಟಿಕೊಂಡು ಕಾಂಗೋ ಕಾಡಿನ ತನಕ ನುಗ್ಗಿ, ಅಲ್ಲಿ ಒಂದು ರಾಜ್ಯವನ್ನೇ ಆಳಿದವನು. 1876ರಲ್ಲಿ ಸ್ಟಾನ್ಲಿ ಎಂಬ ಅನ್ವೇಷಕ ಲುವಾಲಾಬಾ ನದಿಯ ದಾರಿ ಹಿಡಿದಾಗ ಸ್ವಲ್ಪ ದೂರ ಅವನಿಗೆ ಬೆಂಗಾವಲಾಗಿ ಹೋದವನು ಇವನೇ. 1887ರಲ್ಲಿ ಬೆಲ್ಜಿಯಮ್ಮಿನ ದೊರೆ ಲಿಯೋಪೋಲ್ಡನ ಕಾಂಗೋ ಸರಕಾರ ಇವನನ್ನೇ ಸ್ಟಾನ್ಲಿ ಜಲಪಾತದ ಪ್ರಾಂತ್ಯಕ್ಕೆ ಗವರ್ನರನನ್ನಾಗಿ ಮಾಡಿತು. ಕೊನೆಗಾಲದಲ್ಲಿ ಜಂಜಿಬಾರಿಗೆ ಮರಳಿ, ಸ್ವಾಹಿಲಿ ಭಾಷೆಯಲ್ಲಿ ತನ್ನ ಜೀವನಚರಿತ್ರೆಯನ್ನು ತಾನೇ ಬರೆದ. ಆ ಭಾಷೆಯ ಮೊದಲ ಆತ್ಮಚರಿತ್ರೆ ಅದೆಂದು ಹೇಳುತ್ತಾರೆ. 1905ರಲ್ಲಿ ತೀರಿಕೊಂಡ. ಯುರೋಪಿನವರು ಇವನ ಫೋಟೋಗಳನ್ನು ತೆಗೆದರು, ಪುಸ್ತಕಗಳಲ್ಲಿ ಅಚ್ಚು ಹಾಕಿದರು. ಆ ಪುಸ್ತಕಗಳಲ್ಲಿ ಇವನ ಹೆಸರು ಸ್ಪಷ್ಟವಾಗಿಯೇ ಇದೆ. ಆದರೆ ಇರುವುದು ಅಡ್ಡಹೆಸರು: ಟಿಪ್ಪು ಟಿಪ್.

ಎಡವಟ್ಟಾದದ್ದು ಇಲ್ಲಿ. ಆಫ್ರಿಕದ ಈ ‘ಟಿಪ್ಪು’ ಕೋವಿಯ ಸದ್ದಿನಿಂದ ಹುಟ್ಟಿದ್ದು ಎಂದು ಅವನೇ ಹೇಳಿಕೊಂಡಿದ್ದ. ಪಟಪಟನೆ ಕಣ್ಣು ಮಿಟುಕಿಸುವ ಅವನ ಅಭ್ಯಾಸದಿಂದ ಬಂತೆಂದು ಬೇರೆಯವರು ಹೇಳಿದರು. ನಮ್ಮ ಟಿಪ್ಪುವಿನ ಹೆಸರು ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾನಿಂದ ಬಂದದ್ದು. ಎರಡಕ್ಕೂ ಯಾವ ನಂಟೂ ಇಲ್ಲ. ಹಳಗನ್ನಡ ತರಗತಿಯಲ್ಲಿ ಹುಡುಗರು ಹೊಸಗನ್ನಡದ ಶಬ್ದವನ್ನು ಹೋಲುವ ಹಳೆಯ ಶಬ್ದ ಕಂಡರೆ ಅರ್ಥವೂ ಅದೇ ಎಂದು ಬರೆದುಬಿಡುತ್ತಾರೆ. ಅಲ್ಲಿ ಹೋಗುವುದು ಒಂದು ಅಂಕ. ಇಲ್ಲಿ ಮನುಷ್ಯನೇ ಅದಲುಬದಲಾದ.

ಈ ಇಬ್ಬರ ನಡುವೆ ನಿಜವಾದ ನಂಟೊಂದು ಇಲ್ಲದಿಲ್ಲ. ಅದು ಹೆಸರಿನದಲ್ಲ, ಕಡಲಿನದು. ಟಿಪ್ಪುವಿನ ಆಳ್ವಿಕೆಯಲ್ಲಿ ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಹೋಗುತ್ತಿತ್ತು. ಅಲ್ಲಿ ಅವನ ವ್ಯಾಪಾರದ ಕೋಠಿಯೂ ಇತ್ತು. ಅದೇ ಮಸ್ಕತ್ತಿನ ಸುಲ್ತಾನರು ಮುಂದೆ ಜಂಜಿಬಾರಿಗೆ ರಾಜಧಾನಿಯನ್ನು ಒಯ್ದರು. ಟಿಪ್ಪು ಟಿಪ್ಪನ ತಾಯಿಯ ಕಡೆಯವರು ಮಸ್ಕತ್ತಿನ ಅರಬ್ಬರು. ನಾವು ಕುಳಿತ ಪಣಂಬೂರಿನ ಕರೆಯಿಂದ ನೋಡಿದರೆ ಮೂರೂ ಊರುಗಳು ಒಂದೇ ನೀರಿನ ಅಂಚಿನಲ್ಲಿವೆ. ಇಷ್ಟು ಒಳ್ಳೆಯ ಕಥೆಯೊಂದು ಆ ಚಿತ್ರದೊಳಗೆ ಇರುವಾಗ, ಕೆಳಗಿನ ಸುಳ್ಳು ಹೆಸರು ಅದನ್ನು ಪೂರಾ ಮುಚ್ಚಿಬಿಟ್ಟಿತಲ್ಲ ಎಂಬುದು ನನ್ನ ಮೊದಲ ಬೇಸರ.

ಹೆಸರು ತಪ್ಪಿ ಕೂರುವುದು ನಮ್ಮ ಸಾಹಿತ್ಯಕ್ಕೆ ಹೊಸದೇನಲ್ಲ. ‘ಕವಿರಾಜಮಾರ್ಗ’ವನ್ನೇ ನೋಡಿ. ಅದರ ಪರಿಚ್ಛೇದಗಳ ಕೊನೆಯಲ್ಲಿ ‘ನೃಪತುಂಗದೇವಾನುಮತ’ ಎಂಬ ಮಾತಿದೆ. ನೃಪತುಂಗನು ಒಪ್ಪಿದ್ದು ಎಂದು ಅದರ ಅರ್ಥ. ಆದರೆ ಅದನ್ನು ನೃಪತುಂಗನು ಬರೆದದ್ದು ಎಂದು ಬಹುಕಾಲ ಓದಿದೆವು. ಒಬ್ಬ ಚಕ್ರವರ್ತಿ ನಮ್ಮ ಮೊದಲ ಗ್ರಂಥವನ್ನು ಬರೆದ ಎಂಬುದು ಕೇಳಲು ಹಿತವಾಗಿತ್ತು. ಶ್ರೀವಿಜಯ ಎಂಬ ಕವಿ ಆ ಹೊಳಪಿನ ಹಿಂದೆ ನಿಂತುಬಿಟ್ಟ. ಅವನನ್ನು ಮುಂದಕ್ಕೆ ಕರೆತರಲು ಹಲವು ವಿದ್ವಾಂಸರು ಹಲವು ವರ್ಷ ದುಡಿಯಬೇಕಾಯಿತು. ಮೂಲದಲ್ಲಿ ತಪ್ಪಿರಲಿಲ್ಲ ಎಂಬುದನ್ನು ಗಮನಿಸಬೇಕು. ತಪ್ಪು ನಮ್ಮ ಓದಿನದು, ಅದಕ್ಕಿಂತ ಹೆಚ್ಚಾಗಿ ನಮ್ಮ ಆಸೆಯದು.

ಇನ್ನೊಂದು ಉದಾಹರಣೆ ನಮ್ಮ ಕರಾವಳಿಯದ್ದೇ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಬಡ ಉಪಾಧ್ಯಾಯ. ತಾನೇ ಬರೆದ ಕಾವ್ಯಗಳನ್ನು ಯಾರೋ ಹಿಂದಿನ ಕವಿಯದೆಂದು ಹೇಳಿ ಮೈಸೂರಿನ ‘ಕಾವ್ಯಮಂಜರಿ’ಗೆ ಕಳುಹಿಸಿದ. ಅಲ್ಲಿಯ ಪಂಡಿತರು ಹಳೆಯ ಕಾವ್ಯವೆಂದೇ ಅಚ್ಚು ಹಾಕಿದರು. ಕವಿ 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯದಿಂದ ತೀರಿಕೊಂಡ. ಮುದ್ದಣನೆಂದರೆ ಅವನೇ ಎಂದು ಲೋಕಕ್ಕೆ ತಿಳಿದದ್ದು ಆಮೇಲೆ. ಇಲ್ಲಿ ಕರ್ತೃವೇ ತನ್ನ ಹೆಸರನ್ನು ಮರೆಮಾಡಿದ. ಹೊಸ ಹುಡುಗನ ಹೆಸರಿಗಿಂತ ಹಳೆಯ ಕಾಲದ ಹೆಸರಿಗೆ ಮರ್ಯಾದೆ ಹೆಚ್ಚೆಂದು ಅವನಿಗೆ ಗೊತ್ತಿತ್ತು. ನಮ್ಮ ಓದುಗರನ್ನು ಅವನು ಚೆನ್ನಾಗಿಯೇ ಅರಿತಿದ್ದ ಎನ್ನಬೇಕು.

ಚಿತ್ರಗಳ ಮಾತಿಗೆ ಬರೋಣ. ನಮ್ಮ ಕಾಲೇಜುಗಳ ಗೋಡೆಗಳಲ್ಲಿ ಪಂಪನ ಚಿತ್ರವಿದೆ, ರನ್ನನದಿದೆ, ಕುಮಾರವ್ಯಾಸನದಿದೆ. ಇವರಲ್ಲಿ ಯಾರ ಮುಖವನ್ನೂ ಕಂಡವರು ಬಿಡಿಸಿದ ಚಿತ್ರ ಅದಲ್ಲ. ಹಾಗೆಂದು ಅದನ್ನು ಮೋಸವೆಂದು ನಾನು ಹೇಳಲಾರೆ. ಕುಂಚದ ಚಿತ್ರ ತಾನು ಕಲ್ಪನೆ ಎಂದು ಎದುರಿಗೇ ಹೇಳಿಕೊಳ್ಳುತ್ತದೆ; ನಾವೂ ಹಾಗೆಂದೇ ಕೈ ಮುಗಿಯುತ್ತೇವೆ. ಫೋಟೋದ ದಾರಿ ಬೇರೆ. ಇಂಥ ದಿನ, ಇಂಥ ಬೆಳಕಿನಲ್ಲಿ, ಇಂಥವನು ಇಲ್ಲಿ ಕೂತಿದ್ದ ಎಂದು ಅದು ಸಾಕ್ಷಿ ನುಡಿಯುತ್ತದೆ. ಆ ಸಾಕ್ಷಿ ಖರೆ. ಒಬ್ಬನು ಕೂತಿದ್ದ, ನಿಜ. ಯಾರು ಕೂತಿದ್ದ ಎಂಬುದನ್ನು ಮಾತ್ರ ಫೋಟೋ ಎಂದೂ ಹೇಳುವುದಿಲ್ಲ. ಅದನ್ನು ಕೆಳಗೆ ಬರೆದವನು ಹೇಳುತ್ತಾನೆ. ಮೇಲಿನ ನಿಜದ ಬಲದಿಂದ ಕೆಳಗಿನ ಸುಳ್ಳು ನಡೆಯುತ್ತದೆ.

ಟಿಪ್ಪುವಿನ ಮುಖಕ್ಕೆ ಸಾಕ್ಷಿಗಳು ಇಲ್ಲವೆಂದಲ್ಲ. ಅವನ ಕಾಲದಲ್ಲೇ ಬಿಡಿಸಿದ ಚಿತ್ರಗಳಿವೆ. ಅವುಗಳಲ್ಲಿ ಕಾಣುವುದು ಮೀಸೆ, ಗಡ್ಡವಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ, ಅಪ್ಪ ಮಗ ಇಬ್ಬರೂ ಅದರಲ್ಲಿದ್ದಾರೆ. ಆದರೆ ಅಲ್ಲಿಯೂ ಎಚ್ಚರ ಬೇಕು. ಆ ಚಿತ್ರ ಒಮ್ಮೆ ಅಳಿಸಿ ಹೋಗಿತ್ತು. 1855ರಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ ಅದನ್ನು ಮತ್ತೆ ಬರೆಸಿದರು. ಮೊದಲಿನ ಚಿತ್ರವನ್ನು ಕಂಡು ನೆನಪಿಟ್ಟುಕೊಂಡಿದ್ದ ಇಲ್ಲಿಯ ಕಲಾವಿದನೊಬ್ಬನಿಂದ ಬರೆಸಿದರು ಎನ್ನುತ್ತಾರೆ. ನಾವು ಇಂದು ನೋಡುತ್ತಿರುವುದು ಯುದ್ಧವನ್ನೂ ಅಲ್ಲ, ಮೂಲ ಚಿತ್ರವನ್ನೂ ಅಲ್ಲ. ಒಬ್ಬ ಮುದುಕನ ನೆನಪನ್ನು. ಆದರೂ ನನಗೆ ಆ ಗೋಡೆಯ ಮೇಲೆ ನಂಬಿಕೆ ಹೆಚ್ಚು. ಕಂಡವನ ತನಕ ಹೋಗುವ ಒಂದು ಎಳೆ ಅದಕ್ಕಿದೆ.

ಆ ಎಳೆ ಎಷ್ಟು ಮುಖ್ಯವೆಂದು ತಿಳಿಯಬೇಕಾದರೆ 1799ರ ಮೇ 4ರ ರಾತ್ರಿಯನ್ನು ನೆನೆಯಬೇಕು. ಕೋಟೆ ಬಿದ್ದಿತ್ತು. ಸುಲ್ತಾನ ಸತ್ತಿದ್ದಾನೋ ತಪ್ಪಿಸಿಕೊಂಡನೋ ಇಂಗ್ಲಿಷರಿಗೆ ಗೊತ್ತಿರಲಿಲ್ಲ. ಅವನು ಕೋಟೆಯ ಬಾಗಿಲೊಂದರಲ್ಲಿ ಗಾಯಗೊಂಡು ಬಿದ್ದಿರಬೇಕೆಂದು ಅರಮನೆಯ ಕಿಲ್ಲೇದಾರ ಹೇಳಿದ. ಜನರಲ್ ಬೇರ್ಡ್, ಮೇಜರ್ ಅಲನ್ ಮೊದಲಾದವರು ದೀಪ ಹಿಡಿಸಿಕೊಂಡು ಅಲ್ಲಿಗೆ ಹೋದರು. ಬಾಗಿಲಿನ ಕಮಾನಿನ ಕೆಳಗೆ ಹೆಣಗಳ ರಾಶಿ. ಕತ್ತಲೆಯಲ್ಲಿ ಒಬ್ಬನ ಮುಖ ಇನ್ನೊಬ್ಬನದರಿಂದ ಬೇರೆಯಾಗಿ ತಿಳಿಯುತ್ತಿರಲಿಲ್ಲ. ಮುರಿದ ಪಲ್ಲಕ್ಕಿಯ ಕೆಳಗೆ ಗಾಯಗೊಂಡು ಮಲಗಿದ್ದ ಸುಲ್ತಾನನ ಆಳು ರಾಜಾ ಖಾನ್ ಒಡೆಯ ಬಿದ್ದ ಜಾಗವನ್ನು ತೋರಿಸಿದ. ದೇಹವನ್ನು ಹೊರಗೆ ತಂದಾಗ ಕಿಲ್ಲೇದಾರ ನೋಡಿ, ಇವನೇ ಎಂದ. ಮೈ ಇನ್ನೂ ಬೆಚ್ಚಗಿತ್ತು, ಕಣ್ಣು ತೆರೆದೇ ಇತ್ತು. ಜೀವವಿರಬಹುದೆಂದು ವೆಲ್ಲೆಸ್ಲಿ ಮತ್ತು ಅಲನ್ ಒಂದು ಕ್ಷಣ ಅನುಮಾನಿಸಿದರು. ಅಲನ್ ಆಮೇಲೆ ಬರೆದಿಟ್ಟ ವಿವರಗಳು ಹೀಗಿವೆ: ಎತ್ತರ ಸುಮಾರು ಐದಡಿ ಎಂಟಂಗುಲ, ಗಿಡ್ಡ ಕುತ್ತಿಗೆ, ಅಗಲವಾದ ಭುಜ, ಸ್ವಲ್ಪ ಸ್ಥೂಲ ಮೈ, ಸಣ್ಣ ಕೈಕಾಲು, ದೊಡ್ಡ ಕಣ್ಣು, ಕಮಾನಿನಂಥ ಕಿರುಹುಬ್ಬು, ಗಿಣಿಮೂಗು.

ಸಣ್ಣ ಕೈಕಾಲು! ಯಾವ ವೀರರಸದ ಚಿತ್ರಕಾರನಿಗೆ ಇದು ಹೊಳೆದೀತು? ಯಾವ ದ್ವೇಷಿಗೆ ತಾನೆ ಹೊಳೆದೀತು? ಕಣ್ಣಾರೆ ಕಂಡವನು ಮಾತ್ರ ಬರೆಯಬಲ್ಲ ಮಾತು ಇದು. ಅಲನ್ ಶತ್ರುಪಕ್ಷದವನು, ನಿಜ. ಆದರೆ ಆ ಹೆಣದ ಮುಂದೆ ಅವನು ಕೆಳಗೆ ಬರೆಯುವವನಾಗಿರಲಿಲ್ಲ, ನೋಡುವವನಾಗಿದ್ದ. ನೋಡಿದ್ದಕ್ಕೂ ಸುಲ್ತಾನನ ಮನೆಯವರೇ ಆದ ಇಬ್ಬರ ಗುರುತು ಬೇಕಾಯಿತು.

ಲಂಡನ್ನಿನಲ್ಲಿ ಸಿಕ್ಕಿತು ಎಂಬ ಮಾತಿನಲ್ಲೂ ಒಂದು ತಮಾಷೆಯಿದೆ. ಟಿಪ್ಪುವಿನ ನಿಜವಾದ ಚಿತ್ರವೊಂದು ಲಂಡನ್ನಿನಲ್ಲಿ ಇದ್ದೇ ಇದೆ. ಅದು ಫೋಟೋ ಅಲ್ಲ, ಸಣ್ಣದೊಂದು ಪುಸ್ತಕ. ಕಂಡ ಕನಸುಗಳನ್ನು ಅವನು ತನ್ನ ಕೈಯಿಂದ ಪಾರಸಿಯಲ್ಲಿ ಬರೆದಿಡುತ್ತಿದ್ದ. ಅದರಲ್ಲಿ ಮೂವತ್ತೇಳು ಕನಸುಗಳಿವೆ. ಕೋಟೆ ಬಿದ್ದ ಮೇಲೆ ಅದು ಅವನ ಮಲಗುವ ಕೋಣೆಯಲ್ಲಿ ಸಿಕ್ಕಿತು. ಆಗ ಅಲ್ಲಿದ್ದ ಅವನ ಆಪ್ತ ಮುನ್ಶಿ ಹಬೀಬುಲ್ಲಾನಿಗೆ ಅಂಥದೊಂದು ಪುಸ್ತಕ ಇದೆಯೆಂದು ಗೊತ್ತಿತ್ತು; ಕಣ್ಣಿನಿಂದ ಕಂಡಿರಲಿಲ್ಲ. ಸುಲ್ತಾನ ಅದನ್ನು ಅಷ್ಟು ಮರೆಯಲ್ಲಿ ಇಟ್ಟಿದ್ದ. ಗಿರೀಶ ಕಾರ್ನಾಡರು ಟಿಪ್ಪುವಿನ ಮೇಲೆ ನಾಟಕ ಬರೆಯುವಾಗ ಹಿಡಿದದ್ದು ಈ ಪುಸ್ತಕವನ್ನು. ನಾಟಕದ ಬಗ್ಗೆ ನನಗೆ ಕೆಲವು ತಕರಾರುಗಳಿವೆ. ಕನಸು ಕಾಣುವ ರಾಜನ ಮೇಲಿನ ಮೋಹದಲ್ಲಿ ಅವನ ಕತ್ತಿಗೆ ಸಿಕ್ಕಿದವರು ತುಸು ದೂರಕ್ಕೆ ಸರಿಯುತ್ತಾರೆ. ಆದರೆ ಒಬ್ಬನನ್ನು ತಿಳಿಯಲು ಅವನ ಮುಖಕ್ಕಿಂತ ಅವನ ಕೈಬರಹ ವಾಸಿ ಎಂದು ಅವರಿಗೆ ಅನಿಸಿತಲ್ಲ, ಅದು ಸಣ್ಣ ವಿವೇಕವಲ್ಲ.

ಈಗ ಕಷ್ಟದ ಮಾತು. ಈ ಫೋಟೋವನ್ನು ಜನ ಏಕೆ ನಂಬುತ್ತಾರೆ? ಪುರಾವೆ ನೋಡಿ ನಂಬಿದವರನ್ನು ನಾನು ಕಂಡಿಲ್ಲ. ಅದರ ಜೊತೆಗೆ ಬರುವ ಮಾತನ್ನು ಗಮನಿಸಿ: ಪುಸ್ತಕದಲ್ಲಿ ಚೆಲುವ ರಾಜಕುಮಾರನಂತೆ ತೋರಿಸಿದ್ದಾರೆ, ಅಸಲು ಮುಖ ನೋಡಿ, ಎಂದು. ಅಸಲು ಮುಖವೆಂದರೆ ಕಪ್ಪು ಮುಖ, ದಪ್ಪ ತುಟಿಯ ಮುಖ, ಆಫ್ರಿಕದ ಮುಖ. ಕ್ರೂರಿಯಾದವನು ಹೀಗೆಯೇ ಇರಬೇಕು ಎಂದು ನಮ್ಮ ಕಣ್ಣು ಮೊದಲೇ ತೀರ್ಮಾನಿಸಿತ್ತು. ಚಿತ್ರ ಅದಕ್ಕೆ ಹೂಂಗುಟ್ಟಿತು. ಯಕ್ಷಗಾನದ ಬಣ್ಣದ ವೇಷವನ್ನು ದೂರದಿಂದಲೇ ರಾಕ್ಷಸನೆಂದು ಗುರುತಿಸುವುದು ರಂಗಸ್ಥಳದಲ್ಲಿ ಸರಿ. ಅಲ್ಲಿ ಅದು ಕಲೆಯ ಕರಾರು. ಬದುಕಿದ್ದ ಮನುಷ್ಯರಿಗೆ ಅದೇ ಕರಾರನ್ನು ಹಚ್ಚಿದರೆ ಅದು ಚರ್ಮದ ಬಣ್ಣಕ್ಕೆ ಹಾಕಿದ ಶಿಕ್ಷೆಯಾಗುತ್ತದೆ. ಟಿಪ್ಪು ಟಿಪ್ ಮನುಷ್ಯರನ್ನು ಮಾರಿದ್ದು ಅವನು ಕಪ್ಪಗಿದ್ದುದರಿಂದಲ್ಲ. ಅವನಿಗೆ ಗವರ್ನರನ ಪದವಿ ಕೊಟ್ಟವನು ಬಿಳಿಯ ದೊರೆ. ಅವನು ಮಾರಿದವರೂ ಕಪ್ಪು ಜನರೇ, ಅವರ ಫೋಟೋವನ್ನು ನನ್ನ ನೆರೆಯವರಿಗೆ ಯಾರೂ ಕಳುಹಿಸಿಲ್ಲ.

ಮಂಗಳೂರಿನಲ್ಲಿ ಕುಳಿತು ಈ ಮಾತು ಬರೆಯುವಾಗ ಇನ್ನೊಂದನ್ನು ಬಿಡುವಂತಿಲ್ಲ. 1784ರ ಮಾರ್ಚ್ 11ರಂದು ಟಿಪ್ಪು ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡದ್ದು ಇದೇ ಊರಿನಲ್ಲಿ. ಅದಕ್ಕೆ ಕೆಲವು ದಿನ ಮೊದಲು, ಫೆಬ್ರವರಿಯಲ್ಲಿ, ಇಲ್ಲಿಯ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಮಿಲಾಗ್ರಿಸ್ ಇಗರ್ಜಿಯನ್ನು ಕೆಡವಿದರು. ಎಷ್ಟು ಮಂದಿ ಹೋದರು ಎಂಬ ಲೆಕ್ಕದಲ್ಲಿ ಭೇದವಿದೆ, ಸಾವಿರ ಸಾವಿರ ಮಂದಿ ಎಂಬುದರಲ್ಲಿ ಇಲ್ಲ. ಘಟ್ಟ ಹತ್ತುವಾಗ ಸತ್ತವರೆಷ್ಟೋ. ಬದುಕುಳಿದವರು ಮರಳಿದ್ದು 1799ರ ಆಮೇಲೆ. ಆ ನೆನಪನ್ನು ಇಂದಿಗೂ ಹೊತ್ತ ಮನೆಗಳು ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ಕೂಗಳತೆಯಲ್ಲಿ ಇವೆ. ಈ ದುಃಖಕ್ಕೆ ಕಾಗದಪತ್ರಗಳ ಆಧಾರವಿದೆ, ಕುಟುಂಬಗಳ ಸಾಕ್ಷಿಯಿದೆ. ಅದಕ್ಕೆ ಜಂಜಿಬಾರಿನವನ ಫೋಟೋವನ್ನು ಊರುಗೋಲಾಗಿ ಕೊಟ್ಟವರು ಉಪಕಾರ ಮಾಡಲಿಲ್ಲ. ನಾಳೆ ಫೋಟೋ ಸುಳ್ಳೆಂದು ಹೊರಬಿದ್ದಾಗ, ಉಳಿದದ್ದೂ ಹೀಗೆಯೇ ಎಂದು ಕೈ ಝಾಡಿಸುವವರಿಗೆ ಅದರಿಂದ ಅನುಕೂಲವಾಗುತ್ತದೆ. ಟಿಪ್ಪುವನ್ನು ಮೆಚ್ಚುವವರಿಗೂ ಚುಚ್ಚುವವರಿಗೂ ಜಗಳವಾಡಲು ನಿಜವೇ ಬೇಕಾದಷ್ಟಿದೆ.

ನೆರೆಯವರು ಇದನ್ನೆಲ್ಲ ಕೇಳಿ, "ಹಾಗಾದರೆ ಇನ್ನೊಬ್ಬರಿಗೆ ಕಳಿಸುವುದು ಬೇಡ," ಎಂದು ಮೊಬೈಲನ್ನು ಕಿಸೆಗೆ ಹಾಕಿದರು. ಅಷ್ಟರಲ್ಲಿ ಆರು ಮಂದಿಗೆ ಕಳಿಸಿಯಾಗಿತ್ತು ಎಂದು ಮರುದಿನ ಹೇಳಿದರು.

ಈ ಮಾತುಕತೆಯ ಗುಂಗಿನಲ್ಲೇ ಇರುವಾಗ ನನ್ನ ವಿದ್ಯಾರ್ಥಿಯೊಬ್ಬ ಕೃಷ್ಣಾಪುರದ ತನ್ನ ಮನೆಗೆ ಕರೆದ. ಬಂದರಿಗಾಗಿ ಜಾಗ ಬಿಟ್ಟುಕೊಟ್ಟ ಪಣಂಬೂರಿನ ಎಷ್ಟೋ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆಸಿವೆ. ಅವನದೂ ಅಂಥ ಮನೆ. ಹಳೆಯ ಪೆಟ್ಟಿಗೆಯಲ್ಲಿ ಒಂದು ಮದುವೆಯ ಫೋಟೋ ಸಿಕ್ಕಿತ್ತು. ಇಪ್ಪತ್ತಕ್ಕೂ ಮಿಕ್ಕಿದ ಮುಖಗಳು, ಮೂಲೆಗಳು ಹುಳ ತಿಂದು ಹೋಗಿವೆ. ಹಿಂಬದಿಯಲ್ಲಿ ಯಾರೋ ನೀಲಿ ಶಾಯಿಯಲ್ಲಿ ‘ಸುರತ್ಕಲ್ಲಿನ ಮದುವೆ’ ಎಂದು ಬರೆದಿದ್ದರು. ಹುಡುಗ ಅದನ್ನೇ ನಂಬಿ ಚೌಕಟ್ಟು ಹಾಕಿಸುವವನಿದ್ದ.

ಅವನ ಅಜ್ಜಿ, ಎಂಬತ್ತು ದಾಟಿದವರು, ಚಾವಡಿಯ ಬೆಳಕಿಗೆ ಅದನ್ನು ಒಯ್ದು ಕಣ್ಣಿಗೆ ಹತ್ತಿರ ಹಿಡಿದರು. ಅವರು ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ. "ಸುರತ್ಕಲ್ ಅಂತೆ! ಹಿಂದೆ ಬಾವಿಕಟ್ಟೆ ಕಾಣುವುದಿಲ್ಲವಾ ಮಗಾ? ಅದು ನಮ್ಮ ಪಣಂಬೂರಿನ ಮನೆಯದ್ದು. ಆ ಕಲ್ಲು ಒಡೆದದ್ದು ನಾನೇ, ಕೊಡಪಾನ ಬೀಳಿಸಿ." ಆ ಬಾವಿ ಇದ್ದ ಕಡೆ ಈಗ ಬಂದರಿದೆ. 1974ರಲ್ಲಿ ಅದನ್ನು ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಸಾರಿದರು.

ಆಮೇಲೆ ಅವರು ಒಬ್ಬೊಬ್ಬರನ್ನೇ ಬೆರಳಿನಿಂದ ಮುಟ್ಟಿ ಹೆಸರು ಹೇಳಿದರು. ಮುಖ ನೋಡಿ ಹೇಳಿದ್ದು ಕಡಿಮೆ. ಇವನು ದೊಡ್ಡಪ್ಪನ ಮಗ, ಎಡಗೈ ಹೆಬ್ಬೆರಳನ್ನು ಮಡಚಿಯೇ ನಿಲ್ಲುವುದು. ಇವಳ ಸರ ಅವಳದ್ದಲ್ಲ, ನನ್ನ ಅಮ್ಮನಿಂದ ಕೇಳಿ ಹಾಕಿಕೊಂಡದ್ದು. ಈ ಮಾಣಿಗೆ ಆ ದಿನ ಜ್ವರ, ಅದಕ್ಕೇ ತಲೆಗೆ ಬೈರಾಸು. ಹುಡುಗ ಪೆನ್ಸಿಲಿನಿಂದ ಹಿಂಬದಿಯಲ್ಲಿ ಬರೆಯುತ್ತ ಹೋದ. ನೀಲಿ ಶಾಯಿಯನ್ನು ಅಳಿಸಬೇಡ, ಅದರ ಪಕ್ಕದಲ್ಲಿ ಬರೆ ಎಂದು ನಾನು ಹೇಳಿದೆ. ನಾವು ಪಾಠಾಂತರ ಕೊಡುವುದು ಹಾಗೆಯೇ. ಬಲಗಡೆಯ ಕೊನೆಯಲ್ಲಿ, ಕಂಬಕ್ಕೆ ಒರಗಿ ನಿಂತವನೊಬ್ಬನ ಬಳಿ ಅಜ್ಜಿಯ ಬೆರಳು ನಿಂತಿತು. ಬಹಳ ಹೊತ್ತು ನೋಡಿ, "ಇವ ಗೊತ್ತಾಗುವುದಿಲ್ಲ," ಎಂದರು. ಹುಡುಗ ಅಲ್ಲಿ ಒಂದು ಗೆರೆ ಎಳೆದು ಜಾಗ ಖಾಲಿ ಬಿಟ್ಟ.

ಮೊನ್ನೆ ಅವನು ಕಾಲೇಜಿನಲ್ಲಿ ಸಿಕ್ಕಿ ಹೇಳಿದ: ಕಾಟಿಪಳ್ಳದ ಸಂಬಂಧಿಕರೊಬ್ಬರು ಫೋಟೋ ನೋಡಿ, ಆ ಕೊನೆಯವರು ತಮ್ಮ ಮಾವ ಎಂದರಂತೆ. ಹೆಸರು ಬರೆಯೋಣವೇ ಎಂದು ಅವನು ಅಜ್ಜಿಯನ್ನು ಕೇಳಿದ್ದಾನೆ. ಅಜ್ಜಿ ಮತ್ತೊಮ್ಮೆ ಚಾವಡಿಗೆ ಒಯ್ದು ನೋಡಿ, "ಅವರು ಕುಳ್ಳ. ಇವನಲ್ಲ," ಎಂದು ತಿರುಗಿ ಕೊಟ್ಟಿದ್ದಾರೆ.